ಮೆಣಸಿನಕಾಯಿ ಚೀಲಕ್ಕೊಂದು ಲೆಕ್ಕದ ಸರಪಳಿ

ಮಕ್ಕಳೇ, ಕುಂದಗೋಳ, ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿ ನಿಮಗೆ ಗೊತ್ತೇ ಇದೆ. ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಮಾತ್ರ ಕಡಿಮೆ. ಬಣ್ಣಕ್ಕಾಗಿಯೇ ಇದಕ್ಕೆ ಬೆಲೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ ಅದು ಬ್ಯಾಡಗಿಯದೋ, ಬೇರೆಯದೋ ಎಂದು ಹೇಗೆ ತಿಳಿಯುವುದು?

ಹೊಲದಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಕಾಯಿ ಎಷ್ಟೋ ಕೈ ದಾಟುತ್ತದೆ: ರೈತ, ದಲಾಲಿ, ಖರೀದಿದಾರ, ಶೀತಲಗೃಹ, ಗಿರಣಿ, ಅಂಗಡಿ. ಪ್ರತಿಯೊಬ್ಬರದೂ ಬೇರೆ ಬೇರೆ ವಹಿ. ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪ ಪೇಟೆಗೆ ಒಯ್ದ ಚೀಲಗಳಲ್ಲಿ ಒಂದು, ಪಟ್ಟಿಯಲ್ಲಿ ಕಾಣಲಿಲ್ಲ. ಕೇಳಿದರೆ ವಹಿ ತೆರೆದು ತೋರಿಸಿದರಂತೆ. ಅದರಲ್ಲೂ ಒಂದು ಚೀಲ ಕಡಿಮೆಯೇ! ವಹಿ ಅವರದು, ಬರೆದವರೂ ಅವರೇ. ಅಪ್ಪ ಮರುಮಾತಾಡದೆ ಚಕ್ಕಡಿ ಹೊಡೆದುಕೊಂಡು ಮನೆಗೆ ಬಂದರು.

ಬ್ಲಾಕ್‌ಚೈನ್ ಎಂಬ ಗಣಕ ತಂತ್ರ ಕೈಹಾಕುವುದು ಇಂಥ ಕಡೆಯೇ. ಹೆಸರು ಕೇಳಿ ಹೆದರಬೇಡಿ. ಮೂರು ಹಾಳೆ, ಒಂದು ಪೆನ್ಸಿಲ್ ತನ್ನಿ.

ಮೊದಲ ಹಾಳೆಯಲ್ಲಿ 25 ಕಿಲೋ ಎಂದು ಬರೆಯಿರಿ. ಅದರ ಮುದ್ರೆಸಂಖ್ಯೆಯೂ 25 ಆಗಿರಲಿ. ಎರಡನೆಯ ಹಾಳೆಯಲ್ಲಿ 40 ಕಿಲೋ. ಈಗ ಹಿಂದಿನ ಮುದ್ರೆಯನ್ನು 3ರಿಂದ ಗುಣಿಸಿ, ಇಂದಿನ ತೂಕ ಕೂಡಿಸಿ: 75 + 40 = 115. ಕೊನೆಯ ಎರಡು ಅಂಕಿ 15, ಅದೇ ಈ ಹಾಳೆಯ ಮುದ್ರೆ. ಮೂರನೆಯದರಲ್ಲಿ 18 ಕಿಲೋ: 45 + 18 = 63. ಈಗ ಯಾರೋ ಗುಟ್ಟಾಗಿ ಮೊದಲ ಹಾಳೆಯ 25ನ್ನು 26 ಮಾಡಿದರೆನ್ನಿ. ಲೆಕ್ಕ ಮಾಡಿ ನೋಡಿ, ಮುದ್ರೆಗಳು 26, 18, 72 ಆಗುತ್ತವೆ. ಒಂದು ಕಡೆ ತಿದ್ದಿದ್ದು ಕೊನೆಯ ಹಾಳೆಯವರೆಗೂ ಗುಲ್ಲೆಬ್ಬಿಸಿತು!

ತಿದ್ದಿದವನು ಎಲ್ಲ ಮುದ್ರೆಗಳನ್ನೂ ಹೊಸದಾಗಿ ಬರೆದುಬಿಟ್ಟರೆ? ಅದಕ್ಕೇ ಲೆಕ್ಕದ ಪ್ರತಿ ಒಬ್ಬರ ಬಳಿ ಇರುವುದಿಲ್ಲ, ಅನೇಕರ ಗಣಕಗಳಲ್ಲಿರುತ್ತದೆ. ಒಂದು ಪ್ರತಿ ಬೇರೆಯಾದರೆ ಉಳಿದವು ಹಿಡಿದುಕೊಡುತ್ತವೆ. ಅಪ್ಪನ ಕೈಯಲ್ಲೂ ಅಂಥ ಒಂದು ಪ್ರತಿ ಇದ್ದಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ದಾಖಲೆಗಳಿಗೆ ಹೀಗೆ ಮುದ್ರೆ ಪೋಣಿಸುವ ಉಪಾಯವನ್ನು 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ ಪ್ರಕಟಿಸಿದರು. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಅದನ್ನು ಬಿಟ್‌ಕಾಯಿನ್ ಹಣಕ್ಕೆ ಬಳಸಿದರು. ಬೇಸಾಯಕ್ಕೂ ಅದು ಬಂತು. 2019ರ ಮಾರ್ಚ್‌ನಲ್ಲಿ ಭಾರತ ಕಾಫಿ ಮಂಡಳಿ ಪ್ರಾಯೋಗಿಕವಾಗಿ ಬ್ಲಾಕ್‌ಚೈನ್ ಮಾರುಕಟ್ಟೆಯೊಂದನ್ನು ಆರಂಭಿಸಿತು. ಕಾಫಿ ಬೆಳೆದ ಜಾಗ, ಅದರ ಎತ್ತರ, ಪ್ರಮಾಣಪತ್ರ ಎಲ್ಲವೂ ಅದರಲ್ಲಿ ದಾಖಲಾಗಬೇಕಿತ್ತು. 2021ರಲ್ಲಿ ಸಾಂಬಾರ ಮಂಡಳಿಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಒಪ್ಪಂದ ಮಾಡಿಕೊಂಡು, ಆಂಧ್ರದ ಮೆಣಸಿನಕಾಯಿ ಮತ್ತು ಅರಿಸಿನ ಬೆಳೆಗಾರರಿಂದ ಇಂಥದೇ ಪ್ರಯೋಗಕ್ಕೆ ಯೋಜನೆ ಹಾಕಿತು.

ಆದರೆ ಒಂದು ಮಾತು. ಸರಪಳಿ ಕಾಯುವುದು ಬರೆದದ್ದನ್ನು ಮಾತ್ರ. ಮೊದಲ ಹಾಳೆಯಲ್ಲೇ ಸುಳ್ಳು ಬರೆದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ತೂಕ ಹೆಚ್ಚಲೆಂದು ಕಾಯಿಗೆ ನೀರು ಚಿಮುಕಿಸಿದ್ದು ಗಣಕಕ್ಕೆ ಕಾಣುವುದಿಲ್ಲ. ಚೀಲ ಅದೇ ಇದ್ದು ಒಳಗಿನ ಕಾಯಿ ಬದಲಾದರೂ ಗೊತ್ತಾಗದು. ಅದಕ್ಕೆ ಒಳ್ಳೆಯ ತಕ್ಕಡಿ, ತೇವಾಂಶ ಅಳೆಯುವ ಉಪಕರಣ, ಬಣ್ಣ ಪರೀಕ್ಷಿಸುವ ಪ್ರಯೋಗಾಲಯ ಬೇಕೇ ಬೇಕು. ಈ ವಿಷಯದಲ್ಲಿ ಗಣಕ ಮಾರುವವರು ಸ್ವಲ್ಪ ಹೆಚ್ಚೇ ಹೊಗಳಿಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಈಗ ನಿಮಗೊಂದು ಸವಾಲು. ನಮ್ಮ ಪೆನ್ಸಿಲ್ ಮುದ್ರೆ ಬಲು ದುರ್ಬಲ. ಮೊದಲ ಹಾಳೆಯನ್ನು 26 ಮಾಡಿದ ಕಳ್ಳ ಎರಡನೆಯ ಹಾಳೆಯ ತೂಕವನ್ನೂ ತಿದ್ದಿ, ಮೂರನೆಯ ಮುದ್ರೆ 63 ಆಗಿಯೇ ಉಳಿಯುವಂತೆ ಮಾಡಬಲ್ಲ. 40ನ್ನು ಎಷ್ಟು ಮಾಡಬೇಕು? ಹುಡುಕಿ. ಬಿಟ್‌ಕಾಯಿನ್‌ನಲ್ಲಿ ಬಳಸುವ ಮುದ್ರೆಯನ್ನು ನಮ್ಮ ಅಂಕಿಗಳಲ್ಲಿ ಬರೆದರೆ ಸುಮಾರು 78 ಅಂಕಿಯಷ್ಟು ಉದ್ದ. ಅದರಲ್ಲಿ ಇಂಥ ಕಳ್ಳದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ.