ಪೊರೆ ಬಲಿಯೂದು ಬ್ಯಾಡ

ಗಜೇಂದ್ರಗಡದಿಂದ ರೋಣಕ್ಕೆ ಬರೋ ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಅಮ್ಮ ಕೂತಿದ್ದರು. ಹಸಿರು ಚೌಕಟ್ಟಿನ ಕಪ್ಪು ಕನ್ನಡಕ, ಸೆರಗಿನ ಗಂಟಿನಲ್ಲಿ ಕಣ್ಣಿಗೆ ಹಾಕುವ ಹನಿಯ ಪುಟ್ಟ ಬಾಟಲಿ. "ಯಾವಾಗ ಆತಬೇ ಆಪರೇಷನ್?" ಅಂದೆ. "ಮೊನ್ನೆ ಆತ ನೋಡಪಾ. ಏನೂ ನೋವಾಗ್ಲಿಲ್ಲ. ಕಡ್ಲಿ ಕೀಳೂದು ಮುಗೀಲಿ, ಮೊಮ್ಮಗಳ ಬಾಣಂತನ ಮುಗೀಲಿ ಅಂತ ಸುಮ್ಮ ಇದ್ನಿ," ಅಂದರು.

ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನಮ್ಮ ರೋಣ, ನರಗುಂದದ ಎರಿ ಹೊಲದ ಊರುಗಳಲ್ಲಿ ಹೆಂಗಸರ ಕಣ್ಣಿನ ಸರದಿ ಬರೋದು ಎಲ್ಲರ ಕೆಲಸ ಮುಗಿದ ಮೇಲೆ. ಮೇಲೊಂದು ಹಳೇ ನಂಬಿಕೆ: ಕಣ್ಣಿನ ಪೊರೆ ಪೂರ್ತಿ ಬಲಿತ ಮೇಲೇ ತೆಗೆಸಬೇಕು ಅಂತ.

ಹಿಂದೆ ಈ ನಂಬಿಕೆಗೆ ಕಾರಣವೂ ಇತ್ತು. ನಮ್ಮ ಬೀಳಗಿಯವರೇ ಆದ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿ ಊರೂರಲ್ಲಿ ಉಚಿತ ಶಿಬಿರ ಮಾಡಿ ಲಕ್ಷಾಂತರ ಜನರಿಗೆ ಕಣ್ಣು ಕೊಟ್ಟರು, 1968ರಲ್ಲಿ ಪದ್ಮಭೂಷಣ ಪಡೆದರು. ಆ ಕಾಲದಲ್ಲಿ ಮಸೂರ ತೆಗೆದ ಮೇಲೆ ದಪ್ಪ ಸೋಡಾಬುಡ್ಡಿ ಕನ್ನಡಕವೇ ಗತಿ. ಹಾಗಾಗಿ ಕಾಯೋದಕ್ಕೆ ಅರ್ಥವಿತ್ತು. ಈಗ ಮಬ್ಬಾದ ಮಸೂರ ತೆಗೆದು ಕಣ್ಣೊಳಗೇ ಕೃತಕ ಮಸೂರ ಕೂರಿಸುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ. ತೀರಾ ಬಲಿತರೆ ಪೊರೆ ಗಟ್ಟಿಯಾಗಿ ಆಪರೇಷನ್ನೇ ಕಷ್ಟ.

ಇಳಿಯುವಾಗ ಆ ಅಮ್ಮ ಬಾಗಿಲ ಮೇಲಿನ ಬೋರ್ಡಿನ ಅಕ್ಷರ ಒಂದೊಂದೇ ಓದಿ ಹೇಳಿದರು. ಎಷ್ಟು ಖುಷಿ ಆಯ್ತು ಗೊತ್ತಾ!

ನಿಮ್ಮ ಮನೆಯಲ್ಲೂ ಅವ್ವನೋ ಆಯಿಯೋ "ಸುಗ್ಗಿ ಮುಗೀಲಿ" ಅಂತಿದ್ದಾರಾ? ಈ ವಾರವೇ ಒಮ್ಮೆ ಅವರ ಕಣ್ಣು ತೋರಿಸಿ ಬರ್ತೀರಾ?