ಎಸ್.ಪಿ. ರಸ್ತೆಯಿಂದ ಒಂದು ಮರದ ಪೆಟ್ಟಿಗೆ

ಬೆಂಗಳೂರಿನ ಪುರಭವನದಿಂದ ನಡೆದೇ ಹೋಗಬಹುದಾದ ದೂರದಲ್ಲಿದೆ ಎಸ್.ಪಿ. ರಸ್ತೆ. ಅದರ ಪೂರ್ತಿ ಹೆಸರು ಸಾದರ್ ಪತ್ರಪ್ಪ ರಸ್ತೆ ಎನ್ನುವುದು ದಿನವೂ ಓಡಾಡುವ ಎಷ್ಟೋ ಜನಕ್ಕೆ ನೆನಪಿಲ್ಲ. ಇಕ್ಕಟ್ಟಾದ ಬೀದಿ, ಕೈಗಾಡಿ, ಸ್ಕೂಟರು, ತಲೆಯ ಮೇಲೆ ತಂತಿಗಳ ಜಾಲ. ಕಂಪ್ಯೂಟರ್ ಬಿಡಿಭಾಗ ಮತ್ತು ಸಿಸಿಟಿವಿ ಕ್ಯಾಮೆರಾಗಳದೇ ಕಾರುಬಾರು. ಅವುಗಳ ನಡುವೆ ಬಿಡಿ ಸ್ಪೀಕರುಗಳನ್ನು ಪೇರಿಸಿಟ್ಟ ಅಂಗಡಿಗಳೂ ಉಂಟು.

ಇಲ್ಲಿಗೆ ಬರುವವರಲ್ಲಿ ಡಿಪ್ಲೊಮಾ ಹುಡುಗರು, ಪಿಯುಸಿ ಮುಗಿಸಿದವರು, ಅವರ ಹಿಂದೆ ಕೈಕಟ್ಟಿ ನಿಂತ ಅಪ್ಪಂದಿರು ಇದ್ದೇ ಇರುತ್ತಾರೆ. ‘ರೆಡಿಮೇಡ್ ಸಿಗುವಾಗ ಇದೆಲ್ಲ ಯಾಕೋ?’ ಎಂಬುದು ಅಪ್ಪಂದಿರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಮನೆಯಲ್ಲೇ ಮಾಡಿದರೆ ಹಣ ಉಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಮೊದಲ ಜೋಡಿಯಲ್ಲಂತೂ ಉಳಿಯುವುದಿಲ್ಲ. ಉಳಿಯುವುದು ಬೇರೆ.

ಬಿಡಿ ಸ್ಪೀಕರನ್ನು ಹಾಗೇ ನುಡಿಸಿದರೆ ತಬಲಾದ ಡಗ್ಗಾ ಕೇಳಿಸುವುದೇ ಇಲ್ಲ. ಕೋನ್ ಮುಂದಕ್ಕೆ ತಳ್ಳಿದಾಗ ಎದುರಿನ ಗಾಳಿ ಒತ್ತುತ್ತದೆ, ಹಿಂದಿನದು ಸಡಿಲವಾಗುತ್ತದೆ. 50 ಹರ್ಟ್ಸ್ ಸದ್ದಿನ ಅಲೆಯುದ್ದ ಸುಮಾರು 7 ಮೀಟರ್. ಅಷ್ಟು ಉದ್ದದ ಅಲೆಗೆ ಅಂಗೈಯಗಲದ ಕೋನನ್ನು ಸುತ್ತಿ ಬರುವುದೇನು ಕಷ್ಟ? ಹಿಂದಿನದು ಮುಂದಿನದನ್ನು ನುಂಗಿಹಾಕುತ್ತದೆ. ಅದನ್ನು ತಡೆಯಲಿಕ್ಕೇ ಪೆಟ್ಟಿಗೆ ಬೇಕು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ನಾದ ಹೊರಡಿಸಿದರು. ಅದಕ್ಕೂ ಮೊದಲೇ, 1932ರಲ್ಲಿ, ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ ತೂತುಳ್ಳ ಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದರು. ಖಾಲಿ ಸೀಸೆಯ ಬಾಯಿಗೆ ಊದಿದಾಗ ಬರುವ ‘ಹೂಂ’ಕಾರವೇ ಅದರ ಗುಟ್ಟು.

ಸ್ಪೀಕರ್ ಕೊಂಡ ಮೇಲೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಹೊರಡಬೇಕು. ಅಲ್ಲಿ ಎಲೆಕ್ಟ್ರಾನಿಕ್ಸಿನ ಬಿಸಿ ವಾಸನೆ ಹೋಗಿ ಮರದ ಹೊಟ್ಟಿನ ಪರಿಮಳ ಬರುತ್ತದೆ. ತೇಗವೇ ಬೇಕೆಂಬ ಹಟ ಬೇಡ. ಘನ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಕೀಲು ಬಿಡುತ್ತದೆ. 18 ಮಿ.ಮೀ. ಪ್ಲೈವುಡ್ಡೇ ಲೇಸು. 8 ಇಂಚಿನ ವೂಫರಿಗೆ ಒಳಅಳತೆ 25, 30, 40 ಸೆಂ.ಮೀ. ಇಟ್ಟುಕೊಂಡರೆ ಸರಿಯಾಗಿ 30 ಲೀಟರ್. ಎಷ್ಟೋ ವೂಫರುಗಳಿಗೆ ಹೊಂದುವ ಗಾತ್ರ. ಆದರೂ ಸ್ಪೀಕರಿನ ಜೊತೆ ಬರುವ ಚೀಟಿಯನ್ನು ನೋಡಿಯೇ ತೀರ್ಮಾನಿಸಬೇಕು. ಇಂಥ ಎರಡು ಪೆಟ್ಟಿಗೆಗಳ ಹನ್ನೆರಡು ಹಲಗೆಗಳೂ 4 ಅಡಿ ಚದರದ ತುಂಡಿನಲ್ಲಿ, ಅಂದರೆ ಅರ್ಧ ಹಾಳೆಯಲ್ಲಿ ಹಿಡಿಸುತ್ತವೆ. ಹೇಗೆಂಬುದನ್ನು ಗ್ರಾಫ್ ಹಾಳೆಯ ಮೇಲೆ ಮಕ್ಕಳೇ ಬರೆದು ಕಂಡುಕೊಳ್ಳಲಿ. ಅಪ್ಪಂದಿರು ಬಾಯಿ ಹಾಕದಿರುವುದು ಒಳ್ಳೆಯದು.

ನೇರ ಕೊಯ್ತವನ್ನು ಅಂಗಡಿಯ ಯಂತ್ರದಲ್ಲೇ ಮಾಡಿಸುವುದು ಜಾಣತನ. ದುಂಡು ತೂತು ಕೊರೆಯುವಾಗ ಬಡಗಿಯೊಬ್ಬರು ಪಕ್ಕದಲ್ಲಿದ್ದರೆ ಬೆರಳುಗಳೂ ಉಳಿಯುತ್ತವೆ, ಪ್ಲೈಯೂ ಉಳಿಯುತ್ತದೆ. ಅಂಟು ಹಚ್ಚಿ, ಸ್ಕ್ರೂ ಬಿಗಿದು, ಒಂದು ರಾತ್ರಿ ಮುಟ್ಟದೆ ಬಿಡಬೇಕು. ಹುಡುಗರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ! ಕೀಲಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಗಾಳಿ ಸೀಟಿ ಹೊಡೆಯುತ್ತದೆ. ಮರದ ಹೊಟ್ಟಿಗೆ ಅಂಟು ಕಲಸಿ ಒಳಗಿನಿಂದ ಮೆತ್ತಿದರೆ ಅದು ನಿಲ್ಲುತ್ತದೆ. ಆಂಪ್ಲಿಫೈಯರನ್ನು ಮಾತ್ರ ಸಿದ್ಧವಾದದ್ದನ್ನೇ ಕೊಳ್ಳುವುದು ಕ್ಷೇಮ. 230 ವೋಲ್ಟ್ ಹವ್ಯಾಸದ ವಸ್ತುವಲ್ಲ.

ಪರೀಕ್ಷೆ ಮುಗಿದ ಬೇಸಿಗೆ ರಜೆಯ ಎರಡು ವಾರ ಇದಕ್ಕೆ ಸಾಕು. ನುಡಿಸುವ ಮುನ್ನ ಟಾರ್ಚಿನ 1.5 ವೋಲ್ಟ್ ಸೆಲ್ಲನ್ನು ವೂಫರಿನ ತುದಿಗಳಿಗೆ ಅರೆಕ್ಷಣ ತಾಗಿಸಬೇಕು. ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್. ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ತಂತಿ ತಿರುಗಾಮುರುಗಾ ಆದರೆ ಮೃದಂಗದ ತೊಪ್ಪಿ ಮಾಯವಾಗಿಬಿಡುತ್ತದೆ. ಆಗ ಗಾಬರಿ ಬೇಡ. ಒಂದು ಪೆಟ್ಟಿಗೆಯ ಎರಡು ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಕೂತು ಕೇಳಿದರಾಯಿತು.