ಕೃತ್ತಿಕೆ ಎಷ್ಟು ದೂರ?

ಅಜ್ಜಿಗೆ ಕೃತ್ತಿಕೆಯಲ್ಲಿ ಆರು ಚುಕ್ಕಿ ಕಾಣುತ್ತಿದ್ದವು. ಬರಿಗಣ್ಣಿಗೆ ನನಗೂ ಅಷ್ಟೇ. ಪಿಎಚ್‌ಡಿಗೆ ಸೇರಿದ ಮೇಲೆ ಅದೇ ಗುಂಪು ಸಾವಿರಕ್ಕೂ ಹೆಚ್ಚು ಸಾಲುಗಳ ಕೋಷ್ಟಕವಾಗಿ ನನ್ನ ಮುಂದೆ ಬಂತು.

ನಕ್ಷತ್ರವೊಂದು ಮಂಕಾಗಿದ್ದರೆ ಅದು ಹುಟ್ಟಿನಿಂದಲೇ ಮಂಕೋ, ದೂರದಿಂದಾಗಿ ಮಂಕೋ ಎಂದು ನೋಡಿ ಹೇಳಲಾಗದು. ರೋಹಿಣಿ ಹಯಾಡಿಸ್ ಎಂಬ ಗುಂಪಿನ ನಡುವೆ ಕೂತಂತೆ ಕಾಣುತ್ತದೆ. ವಾಸ್ತವದಲ್ಲಿ ಅದು 65 ಜ್ಯೋತಿರ್ವರ್ಷ ದೂರದಲ್ಲಿದೆ, ಗುಂಪು ಇರುವುದು ಸುಮಾರು 150ರಲ್ಲಿ. ಆದರೆ ಒಂದೇ ಗುಂಪಿನ ನಕ್ಷತ್ರಗಳು ನಮಗೆ ಹೆಚ್ಚುಕಡಿಮೆ ಒಂದೇ ದೂರ. ಅವುಗಳ ಬಣ್ಣವನ್ನು ಅಡ್ಡಕ್ಕೆ, ಹೊಳಪನ್ನು ಉದ್ದಕ್ಕೆ ಗುರುತಿಸಿದರೆ ಬಹುಪಾಲು ಚುಕ್ಕಿಗಳು ಓರೆ ಗೆರೆಯೊಂದರ ಮೇಲೆ ಬೀಳುತ್ತವೆ: ಮೇಲೆ ನೀಲಿ, ಕೆಳಗೆ ಕೆಂಪು. ಕೃತ್ತಿಕೆಯ ಗೆರೆ ಹಯಾಡಿಸ್‌ನದಕ್ಕಿಂತ ಕೆಳಗಿರುತ್ತದೆ. ಧೂಳು, ಲೋಹಾಂಶಗಳ ಲೆಕ್ಕ ಸರಿಪಡಿಸಿ ಒಂದನ್ನು ಇನ್ನೊಂದರ ಮೇಲೆ ಕೂರಿಸಲು ಎಷ್ಟು ಮೇಲೆತ್ತಬೇಕೋ ಅದರಲ್ಲೇ ಉತ್ತರವಿದೆ. 5 ಕಾಂತಿಮಾನ ಎತ್ತಿದರೆ ದೂರ ಹತ್ತು ಪಟ್ಟು. ಕೃತ್ತಿಕೆಗೆ ಬರುವುದು ಸುಮಾರು ಮೂರು ಪಟ್ಟು. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದರೂ ಸಾಕು.

1997ರಲ್ಲಿ ಹಿಪ್ಪಾರ್ಕಸ್ ಉಪಗ್ರಹದ ಪಟ್ಟಿ ಹೊರಬಂದಾಗ ಈ ಲೆಕ್ಕ ಅಲುಗಾಡಿತು. ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಎಷ್ಟು ಕದಲಿದಂತೆ ಕಾಣುತ್ತದೆ ಎಂದು ನೇರವಾಗಿ ಅಳೆದ ಉಪಗ್ರಹ ಅದು. ಅದರ ಪ್ರಕಾರ ಕೃತ್ತಿಕೆ ಇರುವುದು 385 ಜ್ಯೋತಿರ್ವರ್ಷ ದೂರದಲ್ಲಿ. ಗೆರೆ ಹೇಳುತ್ತಿದ್ದದ್ದು 430ರ ಆಸುಪಾಸು. ಉಪಗ್ರಹದ ಮಾತು ನಿಜವಾದರೆ ಕೃತ್ತಿಕೆಯ ನಕ್ಷತ್ರಗಳು ಅದೇ ಬಣ್ಣದ ಬೇರೆ ನಕ್ಷತ್ರಗಳಿಗಿಂತ ಕಾಲುಭಾಗದಷ್ಟು ಮಂಕು. ಅಂದರೆ ನಕ್ಷತ್ರ ಹೇಗೆ ಉರಿಯುತ್ತದೆ ಎಂಬ ನಮ್ಮ ತಿಳಿವಳಿಕೆಗೇ ಪೆಟ್ಟು. ಕೆಲವರು ಅಲ್ಲಿ ಹೀಲಿಯಂ ಹೆಚ್ಚಿರಬಹುದೇ ಎಂದು ಹುಡುಕಿದರು. ಕೆಲವರು ಉಪಗ್ರಹವನ್ನೇ ಶಂಕಿಸಿದರು. ನನಗೆ ಈ ಎರಡನೆಯವರ ಮೇಲೆ ಪ್ರೀತಿ; ಹಠ ಎನ್ನಿಸಿದರೂ ಅವರ ಬಳಿ ಲೆಕ್ಕವಿತ್ತು.

2014ರಲ್ಲಿ ದೂರದೂರದ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ ಬಂದದ್ದು 444. ಆಮೇಲೆ ಗಯಾ ಉಪಗ್ರಹವೂ ಅಲ್ಲಿಗೇ ಬಂತು.

"ಗಯಾ ಇದೆಯಲ್ಲ, ಇನ್ನೇನು ಗೆರೆ ಎಳೀತಾ ಕೂತಿದೀಯ?" ಎಂದು ಕನ್ನಡ ಎಂ.ಎ. ಓದುತ್ತಿರುವ ರೂಮ್‌ಮೇಟ್ ಕೇಳುತ್ತಾನೆ. ನನ್ನ ಗುಂಪು ಕೃತ್ತಿಕೆಗಿಂತ ಎಷ್ಟೋ ಪಟ್ಟು ಆಚೆಗಿದೆ. ಅಲ್ಲಿ ಗಯಾ ಅಳೆದ ಕದಲಿಕೆ ಅದರದೇ ಸಣ್ಣ ದೋಷಗಳ ಹತ್ತಿರಕ್ಕೆ ಬಂದುಬಿಡುತ್ತದೆ. ಹಾಗಾಗಿ ಗೆರೆಯೂ ಬೇಕು. ನಡುವಿನ ಧೂಳನ್ನು 0.1 ಕಾಂತಿಮಾನದಷ್ಟು ಹೆಚ್ಚುಕಡಿಮೆ ಎಣಿಸಿದರೂ ದೂರ ನೂರಕ್ಕೆ ಐದರಷ್ಟು ಸರಿಯುತ್ತದೆ. ಈ ವಾರವೆಲ್ಲ ಆ ಧೂಳಿನದೇ ಕೆಲಸ.